ಉಕೆಮಿ ಅಂದರೇನು, ಕನ್ನಡದಲ್ಲಿ ಹೇಳು

ಹೊರನಾಡಿನಲ್ಲಿರುವ ಕನ್ನಡಿಗರ ಮೇಲೆ ಊರಿನವರು ಹೊರಿಸುವ ಆರೋಪಗಳಿಗೆ ಲೆಕ್ಕವಿಲ್ಲ. ಹಬ್ಬಕ್ಕೆ ಬರೋದಿಲ್ಲ, ಮದುವೆಗೆ ಬಂದರೂ ಎರಡೇ ದಿನ ಇರ್ತಾರೆ, ಮಕ್ಕಳಿಗೆ ಕನ್ನಡ ಓದೋಕೆ ಬರೋದಿಲ್ಲ... ಈ ಪಟ್ಟಿಗೆ ಈಗ ಹೊಸದೊಂದು ಸೇರಿದೆ. ನಾಗಪುರಕ್ಕೆ ಬಂದಿದ್ದ ನನ್ನ ಸೋದರಮಾವ, ಮೈಸೂರಿನಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, ನನ್ನ ಮಗನ ಐಕಿಡೊ ಕ್ಲಾಸನ್ನು ಒಂದು ಗಂಟೆ ಕೂತು ನೋಡಿದರು. ಹೊರಗೆ ಬಂದವರೇ ಕೇಳಿದರು: "ಅಲ್ಲಯ್ಯ, ಕನ್ನಡದಲ್ಲಿ ಹತ್ತರವರೆಗೆ ಎಣಿಸೋಕೆ ತಡವರಿಸೋ ಹುಡುಗ ಇಲ್ಲಿ ಇಚಿ, ನಿ, ಸಾನ್, ಶಿ ಅಂತ ಗಂಟಲು ಹರಿಯೋ ಹಾಗೆ ಕೂಗ್ತಾನೆ. ಇದಕ್ಕೆ ನೀನು ದುಡ್ಡು ಬೇರೆ ಕೊಡ್ತೀಯಾ?"

"ಕೊಡ್ತೀನಿ ಮಾವ" ಅಂದೆ. "ಹಾಗಾದ್ರೆ ಕನ್ನಡದ ಗತಿ?" ಅಂದರು.

ಮಾವನ ಸಿಟ್ಟು ಅವರೊಬ್ಬರದ್ದಲ್ಲ. ಇಂಥದೇ ಮಾತನ್ನು ಊರಿನ ಪತ್ರಿಕೆಗಳಲ್ಲೂ ಓದಿದ್ದೇನೆ, ಸಂಘದ ಸಭೆಗಳಲ್ಲೂ ಕೇಳಿದ್ದೇನೆ. ಜಪಾನಿ ಪದಗಳನ್ನೆಲ್ಲ ಕಿತ್ತುಹಾಕಿ, ಎಲ್ಲಕ್ಕೂ ನಮ್ಮದೇ ಪದ ಕಟ್ಟಿಕೊಡಿ ಅನ್ನುವವರು ಒಂದು ಕಡೆ. ಜಪಾನಿ ಪದವೆಂದರೆ ಮಂತ್ರ, ಅರ್ಥ ಕೇಳಬಾರದು ಅನ್ನುವವರು ಇನ್ನೊಂದು ಕಡೆ. ಇಬ್ಬರದೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ವೈದ್ಯ. ನಮ್ಮ ಮಕ್ಕಳ ಕನ್ನಡ ಸೊರಗುತ್ತಿರುವುದು ನಿಜ. ಅದಕ್ಕೆ ಜಪಾನಿ ಕಾರಣ ಅನ್ನುವುದು ಮಾತ್ರ ಶುದ್ಧ ಸುಳ್ಳು.

ಮೊದಲು ಈ ಊರಿನ ವಿಷಯ ಹೇಳುತ್ತೇನೆ. ನಾಗಪುರ ಅಂದರೆ ಊರಿನವರಿಗೆ ಕಿತ್ತಳೆಹಣ್ಣು, ಮತ್ತೆ ಮೇ ತಿಂಗಳ 45 ಡಿಗ್ರಿ ಬಿಸಿಲು. ಇಲ್ಲಿ ಬಾಳುವವರಿಗೆ ಇದು ಕವಾಯತಿನ ಊರೂ ಹೌದು. ಮೈ ಬಗ್ಗಿಸಿ ಕಲಿಯುವ ವಿದ್ಯೆಗೆ ಯಾವ ಭಾಷೆ ಇರಬೇಕು ಅನ್ನುವ ಪ್ರಶ್ನೆಗೆ ಈ ಒಂದೇ ಊರಿನಲ್ಲಿ ಹಲವು ಉತ್ತರಗಳಿವೆ. 1925ರಲ್ಲಿ ಇಲ್ಲಿ ಹುಟ್ಟಿದ ಆರೆಸ್ಸೆಸ್‌ನ ಮೈದಾನಗಳಲ್ಲಿ 'ದಕ್ಷ', 'ಆರಮ' ಅಂತ ಸಂಸ್ಕೃತದಲ್ಲಿ ಆಜ್ಞೆ ಕೇಳುತ್ತದೆ. ಶುರುವಿನ ವರ್ಷಗಳಲ್ಲಿ ಅಲ್ಲೂ ಇಂಗ್ಲಿಷ್ ಕವಾಯತೇ ಇತ್ತು, ಆಮೇಲೆ ಬದಲಾಯಿತು. ಪಕ್ಕದ ಕಾಮ್ಠಿಗೆ ಹೋಗಿ. ಅಲ್ಲಿ ಸೇನೆಯ ಗಾರ್ಡ್ಸ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ, ಎನ್‌ಸಿಸಿ ಅಧಿಕಾರಿಗಳ ತರಬೇತಿ ಅಕಾಡೆಮಿಯೂ ಇದೆ. ಅಲ್ಲಿನ ಮಾತು 'ಸಾವಧಾನ್, ವಿಶ್ರಾಮ್, ದಾಹಿನೇ ಮುಡ್'. ಕರ್ನಾಟಕದ ಎಷ್ಟೋ ಕಾಲೇಜುಗಳ ಎನ್‌ಸಿಸಿ ಮೇಷ್ಟ್ರುಗಳು ಕಾಮ್ಠಿಯಲ್ಲಿ ತಯಾರಾಗಿ ಊರಿಗೆ ಮರಳಿದವರು. ಸ್ವಾಮಿ, ನೀವು ಹಾಸನದಲ್ಲೋ ಹಾವೇರಿಯಲ್ಲೋ ಶಾಲೆಯ ಬಯಲಲ್ಲಿ ನಿಂತು 'ಸಾವಧಾನ್' ಅಂದಾಗ ಹಿಮ್ಮಡಿ ಜೋಡಿಸಿದ್ದಿರಲ್ಲ, ಆಗ ನಿಮ್ಮ ಕನ್ನಡ ಎಷ್ಟು ಕರಗಿತು? ಒಂದು ಗುಲಗಂಜಿಯಷ್ಟೂ ಇಲ್ಲ. ಯಾಕೆಂದರೆ ಕವಾಯತು ಮುಗಿದ ಮೇಲೆ ಗೆಳೆಯರ ಜೊತೆ ಜಗಳ, ನಗು, ಆವತ್ತಿನ ಕವಾಯತಿನ ಬಗ್ಗೆ ಮಾತು, ಎಲ್ಲವೂ ಕನ್ನಡದಲ್ಲೇ ನಡೆಯುತ್ತಿತ್ತು.

ಜಪಾನಿ ನುಡಿಯೂ ನಾಗಪುರಕ್ಕೆ ಅಪರಿಚಿತವೇನಲ್ಲ. 1960ರ ದಶಕದಲ್ಲಿ ಜಪಾನಿನಿಂದ ಬಂದ ಭಿಕ್ಷು ಸುರೇಯಿ ಸಸಾಯಿ ಇಲ್ಲೇ ನೆಲೆ ನಿಂತು ಭಾರತದ ಪೌರತ್ವ ಪಡೆದರು. ಕಾಮ್ಠಿಯಲ್ಲಿ ಜಪಾನೀಯರ ನೆರವಿನಿಂದ 1999ರಲ್ಲಿ ಎದ್ದ ಡ್ರ್ಯಾಗನ್ ಪ್ಯಾಲೇಸ್ ಬುದ್ಧಮಂದಿರ ಇದೆ. ಭಾನುವಾರ ಸಂಜೆ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಕನ್ನಡ ಕುಟುಂಬಗಳೂ ಇವೆ.

ಈಗ ಪದ ಕಟ್ಟುವವರ ವಾದಕ್ಕೆ ಬರೋಣ. ಐಕಿಡೊ ಕಟ್ಟಿದವರು ಮೊರಿಹೈ ಉಯೆಶಿಬಾ (1883–1969). ಹಳೆಯ ಜುಜುತ್ಸು ಪಟ್ಟುಗಳನ್ನೂ ಕತ್ತಿಯ ನಡೆಗಳನ್ನೂ ಅರೆದು ತಮ್ಮದೇ ದಾರಿ ಮಾಡಿಕೊಂಡರು. ಆ ದಾರಿಗೆ ಐಕಿಡೊ ಅನ್ನುವ ಹೆಸರು ನಿಂತದ್ದು 1942ರಲ್ಲಿ. ಅವರ ಶಿಷ್ಯ ಕೋಯಿಚಿ ತೊಹೈ 1953ರಲ್ಲಿ ಹವಾಯಿಗೆ ಹೋದರು. ಬೇರೆ ಶಿಷ್ಯರು ಯುರೋಪಿಗೆ, ಅಮೆರಿಕಕ್ಕೆ ಹೋದರು. ಹೋದಲ್ಲೆಲ್ಲ ಪದಗಳನ್ನೂ ಗಂಟು ಕಟ್ಟಿಕೊಂಡೇ ಹೋದರು. ಆದ್ದರಿಂದ ಇವತ್ತು ನಾಗಪುರದ ಹುಡುಗ ಪ್ಯಾರಿಸ್ಸಿನ ಚಾಪೆಯ ಮೇಲೆ ನಿಂತರೂ 'ಶಿಹೋನಾಗೆ' ಅಂದ ತಕ್ಷಣ ಅವನ ಕಾಲು ತಾನಾಗಿ ಚಲಿಸುತ್ತದೆ. ಎದುರಿಗಿರುವ ಫ್ರೆಂಚನ ಭಾಷೆ ಇವನಿಗೆ ಬಾರದು, ಇವನ ಭಾಷೆ ಅವನಿಗೆ ಬಾರದು. ಆದರೂ ಕೆಲಸ ಸಾಗುತ್ತದೆ. ಕತ್ತಿವರಸೆಯ ಪಂದ್ಯಗಳಲ್ಲಿ ಲೋಕವೆಲ್ಲ ಫ್ರೆಂಚ್ ಪದ ಬಳಸುತ್ತದೆ. ಜೂಡೊ ಅಂಕಣದಲ್ಲಿ ಯಾವ ದೇಶದ ತೀರ್ಪುಗಾರನೇ ಇರಲಿ, 'ಹಜಿಮೆ' ಅಂತಲೇ ಆಟ ಶುರು ಮಾಡುತ್ತಾನೆ.

"ಇರಲಿ, ನಾವಾದರೂ ನಮ್ಮ ಪದ ಮಾಡಿಕೊಳ್ಳೋಣ" ಅಂತೀರಾ? ಮಾಡಿ ನೋಡಿದ್ದೇವಲ್ಲ! ನಮ್ಮ ಪತ್ರಿಕೆಗಳು ವಿಕೆಟ್ಟಿಗೆ 'ಹುದ್ದರಿ' ಅಂತ ಬರೆದವು. ಎಷ್ಟು ವರ್ಷ ಬರೆದರೂ ಯಾವ ಗಲ್ಲಿಯ ಹುಡುಗನೂ "ಲೋ, ಹುದ್ದರಿ ಬಿತ್ತು ಕಣೋ" ಅನ್ನಲಿಲ್ಲ. 'ದಾಂಡಿಗ' ಮಾತ್ರ ಅಚ್ಚಿನಲ್ಲಿ ಉಳಿದ, ಅದೂ ಪೂರ್ತಿ ಬಾಯಿಗೆ ಇಳಿಯಲಿಲ್ಲ. ಇದೇ ಹಟವನ್ನು ಜಪಾನೂ ಮಾಡಿತ್ತು. ಯುದ್ಧದ ಕಾಲ, 1943. ಬೇಸ್‌ಬಾಲ್ ಆಟದಲ್ಲಿ ಶತ್ರುವಿನ ಭಾಷೆ ಬೇಡ ಅಂತ 'ಸ್ಟ್ರೈಕ್' ಅನ್ನುವುದನ್ನು ತೆಗೆದು 'ಯೋಶಿ' ಅಂತ ಮಾಡಿದರು. ಯುದ್ಧ ಮುಗಿಯಿತು, 'ಸ್ಟ್ರೈಕ್' ವಾಪಸ್ಸು ಬಂತು. ಇವತ್ತಿಗೂ ಅಲ್ಲಿನ ಮಕ್ಕಳು ತಮ್ಮ ಉಚ್ಚಾರದಲ್ಲಿ 'ಸುತೊರೈಕು' ಅಂತ ಕೂಗುತ್ತಾರೆ. ಇದರಿಂದ ಜಪಾನಿ ಭಾಷೆ ಸತ್ತೇನೂ ಹೋಗಲಿಲ್ಲ.

ಅಷ್ಟೇಕೆ, ನಮ್ಮ ಗರಡಿಯನ್ನೇ ನೋಡಿ. ಕುಸ್ತಿ ಪಾರಸಿಯಿಂದ ಬಂದ ಮಾತು. ಪೈಲ್ವಾನ, ಉಸ್ತಾದ ಕೂಡ ಪಾರಸಿಯವೇ. ತಾಲೀಮು ಅರಬ್ಬಿ. ಅವುಗಳ ಪಕ್ಕದಲ್ಲೇ ಪಟ್ಟು, ವರಸೆ, ಜಟ್ಟಿ ಕೂತಿವೆ. ನಮ್ಮ ಅಜ್ಜಂದಿರು ಯಾರ ಜಾತಕವನ್ನೂ ಕೇಳದೆ ಎಲ್ಲವನ್ನೂ ಒಂದೇ ಮಟ್ಟಿಯಲ್ಲಿ ಹೊರಳಾಡಿಸಿದರು. ಹೊರಗಿನ ಪದ ಬಂದರೆ ಭಾಷೆ ಹಾಳಾಗುತ್ತದೆ ಅನ್ನುವುದಾದರೆ ಗರಡಿ ಮನೆಯೇ ಮೊದಲು ಹಾಳಾಗಬೇಕಿತ್ತು.

ಇಷ್ಟು ಹೇಳಿದ್ದಕ್ಕೆ ಇನ್ನೊಂದು ಪಂಗಡದವರು ನನ್ನನ್ನು ತಮ್ಮವನು ಅಂತ ಎತ್ತಿಕೊಳ್ಳುವುದು ಬೇಡ. ಅವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟಿದೆ. ಇವರಿಗೆ ಜಪಾನಿ ಪದ ಅಂದರೆ ಒಂದು ಒಡವೆ. ಮಗ 'ಒನೆಗಾಯ್ ಶಿಮಾಸ್' ಅಂತ ಬಗ್ಗಿದರೆ ತಂದೆ ಮೊಬೈಲಿನಲ್ಲಿ ವಿಡಿಯೊ ಮಾಡಿ ನೆಂಟರಿಗೆಲ್ಲ ಕಳಿಸುತ್ತಾನೆ. "ಅದರ ಅರ್ಥ ಏನ್ರಿ?" ಅಂತ ಕೇಳಿ ನೋಡಿ. "ಅದೇ... ರೆಸ್ಪೆಕ್ಟು, ಡಿಸಿಪ್ಲಿನ್ನು!" ಸೇಜಾ ಅಂದರೇನು? ಡಿಸಿಪ್ಲಿನ್ನು. ರೇ ಅಂದರೇನು? ರೆಸ್ಪೆಕ್ಟು. ಇಡೀ ವಿದ್ಯೆ ಈ ಎರಡು ಇಂಗ್ಲಿಷ್ ಪದಗಳಲ್ಲಿ ಮುಗಿದುಹೋಯಿತು. ಜಪಾನಿಗೂ ಮಗುವಿಗೂ ನಡುವೆ ಅರೆಬೆಂದ ಇಂಗ್ಲಿಷ್ ಬಂದು ಕೂತಿದೆ. ಕನ್ನಡದ ಜಾಗ ಕಿತ್ತುಕೊಂಡದ್ದು ಇದು.

ಇದೇ ಪದಗಳನ್ನು ಕನ್ನಡದಲ್ಲಿ ಬಿಡಿಸಿ ನೋಡಿ, ಎಷ್ಟು ಸಲೀಸಾಗಿ ಬಿಚ್ಚಿಕೊಳ್ಳುತ್ತವೆ! 'ಇಕ್ಕ್ಯೋ' ಅಂತ ಮಕ್ಕಳು ಗಂಭೀರವಾಗಿ ಹೇಳುತ್ತಾರಲ್ಲ, ಅದರ ಅರ್ಥ ಒಂದನೇ ಪಾಠ, ಅಷ್ಟೆ. ನಿಕ್ಯೋ ಎರಡನೇ ಪಾಠ, ಸಾನ್‌ಕ್ಯೋ ಮೂರನೇದು. ಯೋಶಿನ್‌ಕಾನ್ ಪಂಥದವರು ಇದನ್ನೇ 'ಇಕ್ಕಾಜೊ' ಅನ್ನುತ್ತಾರೆ. ಅಂದರೆ ಜಪಾನೀಯರೇ ಒಂದೇ ಪದಕ್ಕೆ ಜೋತುಬಿದ್ದಿಲ್ಲ. ಶಿಹೋನಾಗೆ ಅಂದರೆ ನಾಲ್ಕು ದಿಕ್ಕಿನ ಎಸೆತ. ಕೋತೆಗಾಯೆಶಿ ಅಂದರೆ ಎದುರಾಳಿಯ ಮುಂಗೈಯನ್ನು ಮಡಚಿ ಹೊರಕ್ಕೆ ತಿರುಗಿಸುವುದು. ಇರಿಮಿ ಅಂದರೆ ಏಟು ಬರುವ ಕಡೆಗೇ ಒಳನುಗ್ಗುವುದು, ತೆಂಕಾನ್ ಅಂದರೆ ಮೈ ತಿರುಗಿಸಿ ಏಟಿಗೆ ದಾರಿ ಬಿಡುವುದು. ಮಾ-ಆಯ್ ಅಂದರೆ ಇಬ್ಬರ ನಡುವೆ ಇರಬೇಕಾದ ಅಂತರ. ಸೆನ್ಸೆ ಅಂದರೆ ಮೊದಲು ಹುಟ್ಟಿದವರು, ನಮ್ಮ 'ಹಿರಿಯರು' ಅನ್ನುವುದಕ್ಕೆ ಹತ್ತಿರದ ಮಾತು. ಜಾನ್‌ಶಿನ್ ಅಂದರೆ ಎದುರಾಳಿ ಬಿದ್ದ ಮೇಲೂ ಮನಸ್ಸು ಎಚ್ಚರವಾಗಿ ಅವನ ಮೇಲೇ ಇರುವುದು. ಒಲೆ ಆರಿಸಿದ ಮೇಲೂ ಕೆಂಡದ ಮೇಲೆ ಒಂದು ಕಣ್ಣಿಡುವ ಅಜ್ಜಿಗೆ ಇದನ್ನು ಹೇಳಿಕೊಡಬೇಕೇ?

'ಒನೆಗಾಯ್ ಶಿಮಾಸ್' ಅಂತೂ ಎಷ್ಟು ಒಳ್ಳೆಯ ಮಾತು! ಅಭ್ಯಾಸಕ್ಕೆ ಮೊದಲು ಜೊತೆಗಾರನಿಗೆ ಬಗ್ಗಿ 'ನಿಮ್ಮನ್ನು ಕೇಳಿಕೊಳ್ಳುತ್ತೇನೆ, ದಯವಿಟ್ಟು ನನ್ನೊಡನೆ ಅಭ್ಯಾಸ ಮಾಡಿ' ಅನ್ನುವುದು. ನಿನ್ನ ಮೈಯನ್ನು ನಾನು ಎಸೆಯುತ್ತೇನೆ, ನನ್ನ ಮೈಯನ್ನು ನಿನಗೆ ಒಪ್ಪಿಸುತ್ತೇನೆ, ನೀನು ಒಪ್ಪದಿದ್ದರೆ ನನ್ನ ಕಲಿಕೆ ಸಾಗದು. ಇದನ್ನು 'ರೆಸ್ಪೆಕ್ಟು' ಅಂದುಬಿಟ್ಟರೆ ಏನು ಉಳಿಯಿತು?

ಇನ್ನು ಡೋಜೊ. ಬೌದ್ಧರ 'ಬೋಧಿಮಂಡ' ಅನ್ನುವ ಸಂಸ್ಕೃತ ಪದವನ್ನು ಚೀನೀಯರು ತಮ್ಮ ಲಿಪಿಯಲ್ಲಿ ಅನುವಾದಿಸಿದರು. ಆ ಅನುವಾದವೇ ಜಪಾನಿಗೆ ಹೋಗಿ ಡೋಜೊ ಆಯಿತು. ಬುದ್ಧನಿಗೆ ಅರಿವು ಮೂಡಿದ ಜಾಗದ ಹೆಸರು ಮೊದಲು ಮಠಗಳಲ್ಲಿ ಸಾಧನೆಯ ಜಾಗಕ್ಕೆ, ಆಮೇಲೆ ಪಟ್ಟು ಕಲಿಯುವ ಕೋಣೆಗೆ ಬಂತು. ಪರದೇಶಿ ಅಂತ ನಾವು ಮೂಗು ಮುರಿಯುವ ಪದ ನಮ್ಮ ಮನೆಯಿಂದಲೇ ಹೋಗಿದ್ದು, ಬೇರೆ ಬಟ್ಟೆ ಹಾಕಿಕೊಂಡು ವಾಪಸ್ಸು ಬಂದಿದೆ. ಬೀಜ ನಮ್ಮದೇ ಆದರೂ ಆ ಪದವನ್ನು ಇಷ್ಟು ಕಾಲ ಬಾಳಿಸಿದ್ದು ಅವರು. ಪದವನ್ನು ಬಿಡದೆ ಇಟ್ಟುಕೊಂಡರು, ಅರ್ಥವನ್ನು ತಮ್ಮ ಮನೆಮಾತಿನಲ್ಲಿ ಮಕ್ಕಳಿಗೆ ಹೇಳಿಕೊಟ್ಟರು. ಬಾಳಿಸಿದ್ದು ಈ ಎರಡೂ ಸೇರಿ.

ನಾನು ಹೇಳಬೇಕೆಂದಿರುವುದು ಇಷ್ಟೇ. ಪದ ಯಾವ ಭಾಷೆಯದಾದರೂ ಇರಲಿ, ವಿವರಣೆ ಮನೆಮಾತಿನಲ್ಲಿ ಆಗಬೇಕು. ಈ ಸೂತ್ರವನ್ನು ನಾನು ಕಟ್ಟಿದ್ದಲ್ಲ. ಇದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಇದೇ ನಾಗಪುರದ ದೀಕ್ಷಾಭೂಮಿ. 1956ರ ಅಕ್ಟೋಬರ್ 14ರಂದು ಲಕ್ಷಾಂತರ ಜನರ ಎದುರು ಡಾ. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದರು. ಭಿಕ್ಷು ಚಂದ್ರಮಣಿ ಅವರಿಗೆ ತ್ರಿಶರಣ, ಪಂಚಶೀಲ ಬೋಧಿಸಿದ್ದು ಪಾಲಿಯಲ್ಲಿ. ಎರಡು ಸಾವಿರ ವರ್ಷಗಳಿಂದ ಹಾಗೇ ಹೇಳುತ್ತ ಬಂದ ಮಾತು, ಅದನ್ನು ಯಾರೂ ಬದಲಿಸಲಿಲ್ಲ. ಆದರೆ ನಾಳೆಯಿಂದ ಹೇಗೆ ಬಾಳಬೇಕು ಅನ್ನುವ 22 ಪ್ರತಿಜ್ಞೆಗಳನ್ನು ಅಂಬೇಡ್ಕರ್ ಜನರ ಕೈಯಲ್ಲಿ ಮಾಡಿಸಿದ್ದು ಮರಾಠಿಯಲ್ಲಿ. ಪಾಲಿಯೂ ಬಂತು, ಮರಾಠಿಯೂ ಉಳಿಯಿತು. ಯಾವುದು ಎಲ್ಲಿರಬೇಕೋ ಅಲ್ಲಿ ಇತ್ತು.

ನಮ್ಮ ಸಂಗೀತದಲ್ಲೂ ಇದೇ ನಡೆದಿದೆ. ಚೆನ್ನೈನ ತಮಿಳು ಮಗು ಸಂಗೀತ ಕಲಿಯೋಕೆ ಕೂತರೆ ಶುರು ಮಾಡುವುದು ಸರಳೆ ವರಸೆ, ಜಂಟಿ ವರಸೆ. ಆ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ಸಂಪ್ರದಾಯ ಹೇಳುತ್ತದೆ. ಆಮೇಲೆ ಆ ಮಗು ದಾಸರ ಪಿಳ್ಳಾರಿ ಗೀತೆಗಳನ್ನು ಹಾಡುತ್ತದೆ. ಟೀಚರ್ ಅದನ್ನು ವಿವರಿಸುವುದು ತಮಿಳಿನಲ್ಲಿ. ಇದರಿಂದ ತಮಿಳು ಕೆಟ್ಟಿತು ಅಂತ ಅಲ್ಲಿ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ನಮಗೂ ಹೆಮ್ಮೆಯೇ. ಕನ್ನಡದ ಪದ ಹೊರಗೆ ಹೋದರೆ ಹೆಮ್ಮೆ, ಜಪಾನಿನ ಪದ ಒಳಗೆ ಬಂದರೆ ಅವಮಾನ ಅನ್ನುವುದು ಯಾವ ನ್ಯಾಯ ಸ್ವಾಮಿ?

ಹಾಗಾದರೆ ಪೆಟ್ಟು ಬೀಳುತ್ತಿರುವುದು ಎಲ್ಲಿ? ಹೊರನಾಡಿನ ಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳುವ ಕನ್ನಡ ಯಾವುದು ಅಂತ ಒಂದು ದಿನ ಎಣಿಸಿ ನೋಡಿ. ಏಳು. ಹಲ್ಲುಜ್ಜು. ತಿಂಡಿ ತಿನ್ನು. ಹೋಮ್‌ವರ್ಕ್ ಮಾಡು. ಟೀವಿ ಆರಿಸು. ಮಲಕ್ಕೊ. ಎಲ್ಲವೂ ಆಜ್ಞೆ! ನಮ್ಮ ಮನೆಯ ಕನ್ನಡ ಕಾಮ್ಠಿಯ ಕವಾಯತಿಗಿಂತ ಬಡವಾಗಿದೆ. ಮಗುವಿಗೆ ಪ್ರೀತಿಯ ವಿಷಯಗಳು, ಗೆಳೆಯ, ಆಟ, ಗೆದ್ದದ್ದು, ಬಿದ್ದದ್ದು, ಎಲ್ಲ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ನಡೆಯುತ್ತವೆ. ನಮ್ಮ ಪಕ್ಕದ ಬಡಾವಣೆಯಲ್ಲಿ ಒಬ್ಬ ಹುಡುಗ ಇದ್ದಾನೆ, ತುಂಬಾ ಚೂಟಿ. ಪ್ರತಿ ಭಾನುವಾರ ಅವನ ಅಜ್ಜಿ ಊರಿನಿಂದ ಫೋನು ಮಾಡುತ್ತಾರೆ. "ಏನಪ್ಪಾ, ಈ ವಾರ ಏನು ಕಲಿತೆ ಕಂದಾ?" ಹುಡುಗ ಹೇಳುವುದು "ಏನಿಲ್ಲ ಅಜ್ಜಿ." ಅಷ್ಟೆ. ಆ ವಾರ ಅವನು ಮೊದಲ ಸಲ ಮುಂದಕ್ಕೆ ಉರುಳಿ ಪೆಟ್ಟಾಗದೆ ಎದ್ದು ನಿಂತಿರುತ್ತಾನೆ, ಅದು ಅವನ ಪಾಲಿಗೆ ಆನೆ ಗೆದ್ದಷ್ಟು. ಅದನ್ನು ಅಜ್ಜಿಗೆ ಹೇಳಲು ಕನ್ನಡ ಇಲ್ಲ, ಆದ್ದರಿಂದ "ಏನಿಲ್ಲ". ಅಜ್ಜಿ ಮೊಮ್ಮಗ ಏನೂ ಕಲಿಯುತ್ತಿಲ್ಲ ಅಂದುಕೊಳ್ಳುತ್ತಾರೆ, ಮೊಮ್ಮಗ ಅಜ್ಜಿಗೆ ಏನೂ ತಿಳಿಯುವುದಿಲ್ಲ ಅಂದುಕೊಳ್ಳುತ್ತಾನೆ. ಇಬ್ಬರೂ ತಪ್ಪು. ನಡುವೆ ನಿಂತ ನಾವು, ಅಪ್ಪ ಅಮ್ಮಂದಿರು, ಸುಮ್ಮನಿದ್ದೇವೆ.

ಸೆನ್ಸೆಯಿಂದ ಕನ್ನಡ ನಿರೀಕ್ಷಿಸುವುದು ಅನ್ಯಾಯ. ನಾಗಪುರದ ಸೆನ್ಸೆ ಹಿಂದಿ-ಮರಾಠಿಯಲ್ಲಿ ವಿವರಿಸುತ್ತಾರೆ, ಅದು ಅವರ ಧರ್ಮ. ಕನ್ನಡದಲ್ಲಿ ವಿವರಿಸಿಕೊಳ್ಳುವುದು ನಮ್ಮ ಮನೆಯ ಕೆಲಸ. ರಾತ್ರಿ ಊಟಕ್ಕೆ ಕೂತಾಗ ಒಂದೇ ಪ್ರಶ್ನೆ ಸಾಕು: "ಉಕೆಮಿ ಅಂದರೇನು, ಕನ್ನಡದಲ್ಲಿ ಹೇಳು." ಮಗು ಮೊದಲು ತಡವರಿಸುತ್ತದೆ. "ಅಂದ್ರೆ... ಬೀಳೋದು... ಲಗಬಾರ್ದು." ಬಿಡಿ, ಹೇಳಲಿ. 'ಲಗಬಾರ್ದು' ಹಿಂದಿ-ಕನ್ನಡದ ಕಲಬೆರಕೆ ಅಂತ ಅಲ್ಲೇ ಗದರಬೇಡಿ. ನೀವು "ಓ, ಏಟಾಗದ ಹಾಗೆ ಬೀಳೋದಾ?" ಅನ್ನಿ. ಉಕೆಮಿ ಅಂದರೆ ಬರುವುದನ್ನು ಮೈಯಲ್ಲಿ ಬರಮಾಡಿಕೊಳ್ಳುವುದು. ಗಲ್ಲ ಎದೆಗೆ ಒತ್ತಿ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಒಂದು ಹೆಗಲಿನಿಂದ ಎದುರಿನ ಸೊಂಟದವರೆಗೆ ಓರೆಯಾಗಿ ಉರುಳುವುದು. ಗಲ್ಲ, ಎದೆ, ಬೆನ್ನು, ಹೆಗಲು, ಸೊಂಟ, ಓರೆ, ಉರುಳು. ಒಂದು ಜಪಾನಿ ಪದದ ಬೆನ್ನಿಗೆ ಏಳು ಕನ್ನಡ ಪದ ಬಂದವು! ಯಾವ ಕನ್ನಡ ಕಲಿ ಪುಸ್ತಕ ಒಂದು ಊಟದ ಹೊತ್ತಿನಲ್ಲಿ ಇಷ್ಟು ಕಲಿಸುತ್ತದೆ?

ಇನ್ನು ಊರಿನವರಿಗೆ ಒಂದು ಮಾತು. ನಮಗೆ ಬುದ್ಧಿ ಹೇಳುವ ಮೊದಲು ನಿಮ್ಮ ಬೀದಿಯ ಗರಡಿಯನ್ನೊಮ್ಮೆ ನೋಡಿ ಬನ್ನಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಪಟ್ಟುಗಳಿಗೆ ಒಂದು ಅಧ್ಯಾಯ ಮೀಸಲಿಟ್ಟ. ಮೈಸೂರು ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ಟೀವಿಯಲ್ಲಿ ಕಣ್ಣರಳಿಸಿ ನೋಡುತ್ತೀರಿ. ನಿಮ್ಮ ಮಗನಿಗೆ ಹೆಸರು ಗೊತ್ತಿರುವ ಒಂದು ಪಟ್ಟು ಹೇಳಿ ನೋಡೋಣ? ಬೆಂಗಳೂರಿನ ಬಡಾವಣೆಗಳಲ್ಲೂ ಮಕ್ಕಳು ಕರಾಟೆ ಕ್ಲಾಸಿನಲ್ಲಿ ಇಚಿ, ನಿ, ಸಾನ್ ಅಂತಲೇ ಎಣಿಸುತ್ತಾರೆ, ಅರ್ಥವನ್ನು ಇಂಗ್ಲಿಷಿನಲ್ಲೇ ಕೇಳಿಸಿಕೊಳ್ಳುತ್ತಾರೆ. ಗರಡಿಯ ಮಾತೆಲ್ಲ ಎಲ್ಲಿ ಹೋಯಿತು ಗೊತ್ತೇ? ಪತ್ರಿಕೆಯ ರಾಜಕೀಯ ಪುಟಕ್ಕೆ! ಶಾಸಕರು ಪಟ್ಟು ಹಿಡಿಯುತ್ತಾರೆ, ಸಚಿವರು ವರಸೆ ಬದಲಿಸುತ್ತಾರೆ, ಚುನಾವಣೆ ಬಂದರೆ ಎಲ್ಲರೂ ತೊಡೆ ತಟ್ಟಿ ಅಖಾಡಕ್ಕೆ ಇಳಿಯುತ್ತಾರೆ, ಸೋತವರು ಮಣ್ಣು ಮುಕ್ಕುತ್ತಾರೆ. ಪದಗಳೆಲ್ಲ ಇವೆ, ಮಣ್ಣು ಮುಟ್ಟಿದ ಮೈ ಇಲ್ಲ. ಮೈ ಬಿಟ್ಟ ಪದ ಹೀಗೆಯೇ ಅಲೆಯುತ್ತದೆ. ಜಪಾನೀಯರು ತಮ್ಮ ಪದಗಳನ್ನು ಮೈಯಿಂದ ಬಿಡಿಸಲಿಲ್ಲ. ಅವು ಲೋಕ ಸುತ್ತಿ ನಾಗಪುರಕ್ಕೆ ಬಂದಿದ್ದು ಅದಕ್ಕೇ. ನಾವು ಅಸೂಯೆಪಡುವ ಬದಲು ಈ ಪಾಠ ಕಲಿಯಬಹುದು.

ನಮ್ಮ ಹೊರನಾಡ ಸಂಘಗಳಿಗೂ ಒಂದು ಸಲಹೆ. ನವೆಂಬರಿನಲ್ಲಿ ಮಕ್ಕಳನ್ನು ವೇದಿಕೆಗೆ ಹತ್ತಿಸಿ, ಅರ್ಥ ಗೊತ್ತಿಲ್ಲದ ಹಾಡನ್ನು ಬಾಯಿಪಾಠ ಒಪ್ಪಿಸಿ ಚಪ್ಪಾಳೆ ತಟ್ಟುವುದನ್ನು ಒಂದು ವರ್ಷ ನಿಲ್ಲಿಸಿ. ಒನೆಗಾಯ್ ಶಿಮಾಸ್ ಅರ್ಥವಾಗದೆ ಬಗ್ಗುವ ಮಗುವಿಗೂ, ನಾಡಗೀತೆ ಅರ್ಥವಾಗದೆ ಹಾಡುವ ಮಗುವಿಗೂ ಏನು ವ್ಯತ್ಯಾಸ? ಅದರ ಬದಲು ಪ್ರತಿ ಮಗುವೂ ತಾನು ಪ್ರೀತಿಯಿಂದ ಕಲಿತ ಒಂದು ವಿದ್ಯೆಯನ್ನು ಐದು ನಿಮಿಷ ಕನ್ನಡದಲ್ಲಿ ಹೇಳಿಕೊಡಲಿ. ಐಕಿಡೊ ಇರಲಿ, ತಬಲಾ ಇರಲಿ, ಚೆಸ್ ಇರಲಿ. ಪದಗಳು ಅದರದ್ದೇ ಇರಲಿ, 'ಅಂದರೆ' ಅನ್ನುವುದರ ಮುಂದಿನದೆಲ್ಲ ಕನ್ನಡದಲ್ಲಿರಲಿ. ಮಾತು ಸೊಟ್ಟಗಾದರೂ ಚಿಂತೆಯಿಲ್ಲ. ಬೀಳುವುದನ್ನು ಕಲಿಯದೆ ಯಾರೂ ಎಸೆಯುವುದನ್ನು ಕಲಿತಿಲ್ಲ ಅಂತ ಐಕಿಡೊ ಕಲಿತ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಅದು ಕನ್ನಡದಲ್ಲಿ ಹೇಳುವ ಹಾಗೆ ಮಾಡುವುದಷ್ಟೇ ನಮ್ಮ ಪಾಲಿನ ಕೆಲಸ.